ಸಾಲಿನ ಕೊನೆಯ ಮಗು

ನಮ್ಮ ನಾಡಿನ ಯಾವ ಪ್ರೌಢಶಾಲೆಗೆ ಹೋಗಿ ನೋಡಿದರೂ ಕಚೇರಿಯ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣಕ್ಕೆಂದು ಕೆಲವು ಅವಧಿಗಳು ನಿಗದಿಯಾಗಿರುವುದು ಕಾಣುತ್ತದೆ. ಆದರೆ ಜೂನ್ ತಿಂಗಳಲ್ಲಿ ಇದ್ದಷ್ಟು ದೃಢವಾಗಿ ಆ ಅವಧಿಗಳು ಜನವರಿಯಲ್ಲಿ ಇರುವುದಿಲ್ಲವೆಂಬುದನ್ನೂ, ಹತ್ತನೆಯ ತರಗತಿಯ ಮಟ್ಟಿಗಂತೂ ದಸರೆಯ ರಜೆ ಕಳೆದ ಮೇಲೆ ಅವು ಗಣಿತಕ್ಕೋ ವಿಜ್ಞಾನಕ್ಕೋ ಸದ್ದಿಲ್ಲದೆ ಸಂದುಹೋಗುವುವೆಂಬುದನ್ನೂ ಶಾಲೆಯ ಒಡನಾಟವುಳ್ಳವರೆಲ್ಲರೂ ಬಲ್ಲರು. ಇದಕ್ಕೆ ಮುಖ್ಯೋಪಾಧ್ಯಾಯರನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಲ್ಲ, ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರಿನಿಂದಲೇ ಶಾಲೆಯನ್ನು ತೂಗುವ ಇಲಾಖೆ, ಅಂಕಗಳಿಂದಲೇ ಮಗುವನ್ನು ತೂಗುವ ತಂದೆತಾಯಿಗಳು, ಇಬ್ಬರೂ ಈ ಕಾರ್ಯದಲ್ಲಿ ಪಾಲುದಾರರೇ. ಆದರೆ ಒಂದು ವಿಷಯವನ್ನು ಯಾರ ಅನುಮತಿಯೂ ಇಲ್ಲದೆ, ಯಾರ ಆಕ್ಷೇಪಣೆಯೂ ಬಾರದಂತೆ ವೇಳಾಪಟ್ಟಿಯಿಂದ ಕಿತ್ತುಹಾಕುವುದು ಸಾಧ್ಯವಾಗುವುದಾದರೆ, ಆ ವಿಷಯ ಅಲ್ಲಿ ಏತಕ್ಕಾಗಿ ಇದ್ದಿತೆಂಬುದನ್ನು ನಾವು ಎಂದೂ ನಿಶ್ಚಯಿಸಿಕೊಂಡಿರಲಿಲ್ಲವೆಂದೇ ತಿಳಿಯಬೇಕಾಗುತ್ತದೆ.

ನಿಶ್ಚಯಿಸಿಕೊಳ್ಳದಿರುವುದಕ್ಕೆ ಕಾರಣವೂ ಉಂಟು. ದೈಹಿಕ ಶಿಕ್ಷಣದ ಹೆಸರಿನಲ್ಲಿ ನಮ್ಮ ಶಾಲೆಗಳಲ್ಲಿ ನಡೆಯುತ್ತಿರುವುದು ಎರಡು ಅನ್ಯ ಪ್ರಯೋಜನಗಳ ಸೇವೆ: ಒಂದು ಶಿಸ್ತು, ಇನ್ನೊಂದು ಗೆಲವು. ಮೊದಲನೆಯದಕ್ಕೆ ಬೇಕಾದುದು ಆಜ್ಞೆಗೆ ಬಾಗುವ ಶರೀರ. ಎರಡನೆಯದಕ್ಕೆ ಬೇಕಾದುದು ಪದಕ ತರುವ ಶರೀರ. ಬೇಗ ಏದುಸಿರು ಬರುವ, ಚೆಂಡು ಕೈಗೆ ಸಿಕ್ಕದ, ಓಟದಲ್ಲಿ ಯಾವಾಗಲೂ ಹಿಂದುಳಿಯುವ, ಸಾಲಿನ ಕೊನೆಯಲ್ಲಿ ಮರೆಯಾಗಿ ನಿಲ್ಲಬಯಸುವ ಮಗುವಿಗೆ ಈ ಎರಡರಲ್ಲಿಯೂ ಸ್ಥಾನವಿಲ್ಲ. ಆದರೆ ಶಾಲೆಯ ದೈಹಿಕ ಶಿಕ್ಷಣ ಇರಬೇಕಾದುದು ಮುಖ್ಯವಾಗಿ ಆ ಮಗುವಿಗಾಗಿ ಎಂಬುದು ನನ್ನ ದೃಢವಾದ ನಂಬಿಕೆ. ಗಣಿತದಲ್ಲಿ ಮಂದವಾಗಿರುವ ವಿದ್ಯಾರ್ಥಿಯನ್ನು ಗಣಿತದ ತರಗತಿಯಿಂದ ಹೊರಗಿಟ್ಟು, ಚುರುಕಾದ ಹತ್ತು ಮಂದಿಗೆ ಮಾತ್ರ ಲೆಕ್ಕ ಕಲಿಸಿದರೆ ನಾವು ಅದನ್ನು ಅನ್ಯಾಯವೆನ್ನುವೆವಷ್ಟೆ. ಅದೇ ಕೆಲಸವನ್ನು ಬಯಲಿನಲ್ಲಿ ಮಾಡಿದಾಗ ಮಾತ್ರ ಅದಕ್ಕೆ ಪ್ರತಿಭಾನ್ವೇಷಣೆಯೆಂಬ ಗೌರವದ ಹೆಸರು ದೊರೆಯುತ್ತದೆ.

ಡ್ರಿಲ್ ಎಂಬುದು ಶಾಲೆಗೆ ಬಂದುದು ಸೈನ್ಯದಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಅಂಗಸಾಧನೆ ಮಾಡಿಸಲು ನಿವೃತ್ತ ಸಾರ್ಜೆಂಟರನ್ನು ಕರೆಸುತ್ತಿದ್ದರು. ಅವರಿಗೆ ತಿಳಿದಿದ್ದ ವಿದ್ಯೆಯೆಂದರೆ ಸಾಲು ನಿಲ್ಲಿಸುವುದು, ತಿರುಗಿಸುವುದು, ನಡೆಸುವುದು. ಅಲ್ಲಿನ ಪದ್ಧತಿಯೇ ಬ್ರಿಟಿಷ್ ಸರ್ಕಾರದ ಇತರ ಪದ್ಧತಿಗಳೊಡನೆ ನಮ್ಮಲ್ಲಿಗೂ ಬಂದು, ಡ್ರಿಲ್ ಮೇಷ್ಟ್ರು ಎಂಬ ಹೆಸರನ್ನು ನಮ್ಮ ಶಾಲೆಗಳಲ್ಲಿ ಬೇರೂರಿಸಿತು. ಆದರೆ ಆ ದೇಶದಲ್ಲಿ ಮುಂದೆ ನಡೆದ ಒಂದು ಘಟನಾಪರಂಪರೆಯನ್ನು ನಾವು ಅಷ್ಟಾಗಿ ಗಮನಿಸಲಿಲ್ಲ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಅನೇಕರು ಸೈನ್ಯಕ್ಕೆ ಅನರ್ಹರೆಂದು ಕಂಡುಬಂದಾಗ ರಾಷ್ಟ್ರಕ್ಕೆ ರಾಷ್ಟ್ರವೇ ಗಾಬರಿಗೊಂಡಿತು. ಜನಾಂಗವೇ ಕ್ಷೀಣಿಸುತ್ತಿದೆಯೆಂದು ಹಲವರು ಭೀತರಾದರು. ಆ ಭೀತಿಯನ್ನು ಪರಿಶೀಲಿಸಲು ನೇಮಿಸಿದ ಸಮಿತಿ 1904ರಲ್ಲಿ ವರದಿಯನ್ನೊಪ್ಪಿಸಿ, ದೋಷವಿರುವುದು ವಂಶದಲ್ಲಲ್ಲ, ಮಕ್ಕಳ ಊಟದಲ್ಲಿ, ವಸತಿಯಲ್ಲಿ, ಆರೈಕೆಯಲ್ಲಿ ಎಂದು ಹೇಳಿತು. ಅದರ ಫಲವಾಗಿ 1906ರಲ್ಲಿ ಶಾಲಾಮಕ್ಕಳಿಗೆ ಊಟ ಒದಗಿಸುವ ಕಾನೂನೂ, 1907ರಲ್ಲಿ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆಯನ್ನು ವಿಧಿಸುವ ಕಾನೂನೂ ಬಂದುವು. ಸಿಪಾಯಿಗಳನ್ನು ಹುಡುಕಹೊರಟ ವಿಚಾರವೂ ಕಡೆಗೆ ಮಗುವಿನ ತಟ್ಟೆಯ ಬಳಿಗೇ ಬಂದು ನಿಲ್ಲಬೇಕಾಯಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ನಾವಾದರೋ ಡ್ರಿಲ್ಲನ್ನು ಮೊದಲು ತೆಗೆದುಕೊಂಡೆವು. ತಟ್ಟೆಗೆ ಬಹಳ ಕಾಲ ಕಾಯಬೇಕಾಯಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾದದ್ದು 2002ರಲ್ಲಿ. ಕ್ಷೀರಭಾಗ್ಯದ ಹಾಲು ಬಂದದ್ದು 2013ರಲ್ಲಿ. ಈಗ ಇವೆರಡೂ ಇವೆಯೆಂಬುದು ಸಂತೋಷದ ವಿಷಯ. ಆದರೆ ಅಡುಗೆಮನೆಯೂ ಆಟದ ಬಯಲೂ ಒಂದೇ ವಿಷಯದ ಎರಡು ಭಾಗಗಳೆಂಬ ಭಾವನೆ ಮಾತ್ರ ನಮ್ಮ ಶಾಲೆಗಳಲ್ಲಿ ಇನ್ನೂ ಹುಟ್ಟಿಲ್ಲ.

ನಮ್ಮದೇ ಆದ ಒಂದು ವ್ಯಾಯಾಮಪರಂಪರೆ ಡ್ರಿಲ್ಲಿಗೆ ಮೊದಲೇ ಇದ್ದಿತೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಕಲ್ಯಾಣದ ಚಾಲುಕ್ಯದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರನ್ನು ಕುರಿತ ಭಾಗವೊಂದುಂಟು. ಅದರಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ ಇವುಗಳಿಗನುಸಾರವಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸವನ್ನೂ ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದೂ, ಋತುವನ್ನು ನೋಡಿ ಅದನ್ನು ಇನ್ನೂ ತಗ್ಗಿಸಬೇಕೆಂದೂ ವಿಧಿಯಿದೆ. ಅರ್ಧಶಕ್ತಿಯೆಂಬ ಈ ಅಳತೆ ಬಹಳ ವಿವೇಕದ್ದು. ಏಕೆಂದರೆ ಅದು ನೂರು ಮಂದಿಗೆ ನೂರು ಬೇರೆ ಬೇರೆ ಪ್ರಮಾಣವಾಗುತ್ತದೆ, ಒಬ್ಬನ ಪ್ರಮಾಣವನ್ನು ಇನ್ನೊಬ್ಬನ ಮೇಲೆ ಹೇರುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ. ಮೈಸೂರು, ದಾವಣಗೆರೆಗಳ ಗರಡಿಮನೆಗಳಲ್ಲಿ ಉಸ್ತಾದರು ಹೊಸದಾಗಿ ಬಂದ ಹುಡುಗನನ್ನು ಮೊದಲ ದಿನವೇ ಅಖಾಡಕ್ಕೆ ಇಳಿಸುತ್ತಿರಲಿಲ್ಲ. ಅವನ ಕೈಯಲ್ಲಿ ಮಟ್ಟಿಯ ಮಣ್ಣನ್ನು ಹದಮಾಡಿಸಿ, ಹತ್ತು ಬಸ್ಕಿಯಿಂದ ಆರಂಭಿಸಿ, ಅವನ ಊಟ ನಿದ್ರೆಗಳನ್ನು ವಿಚಾರಿಸಿ, ಮೈ ಮಾಗಿದಂತೆಲ್ಲ ಸಾಮನ್ನು ಏರಿಸುತ್ತ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ಈ ದೃಷ್ಟಿಯನ್ನು ಆಧುನಿಕ ಕಾಲಕ್ಕೆ ತಂದವರು. ವ್ಯಾಯಾಮಶಾಲೆಯನ್ನು ನಡೆಸುತ್ತ, ದೂರದವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸುತ್ತಿದ್ದ ಆ ಮಹನೀಯರೇ ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೆಂಬುದು, ತೋಳಿನ ಬಲಕ್ಕೂ ಬುದ್ಧಿಯ ಸೂಕ್ಷ್ಮತೆಗೂ ವಿರೋಧವುಂಟೆಂದು ಇಂದಿಗೂ ಭಾವಿಸುವ ನಮ್ಮ ವಿದ್ಯಾವಂತರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ.

ಗರಡಿಯನ್ನು ಹೊಗಳುವಾಗ ಅದರ ಸಂಕೋಚವನ್ನು ಮರೆಯಲಾಗದು. ಅದು ಗಂಡಸರ ಸ್ಥಾನ. ಹೆಣ್ಣುಮಕ್ಕಳು ಅದರ ಹೊಸ್ತಿಲನ್ನು ತುಳಿಯುವಂತಿರಲಿಲ್ಲ. ಬಾದಾಮಿ, ಹಾಲು, ತುಪ್ಪಗಳ ಮಾತು ಅರೆಹೊಟ್ಟೆಯ ಮನೆಗಳಿಗೆ ಅನ್ವಯಿಸುತ್ತಿರಲಿಲ್ಲ. ಅದನ್ನು ಹಾಗೆಯೇ ತಂದು ಶಾಲೆಯಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಒಂದೊಂದು ಶರೀರವನ್ನೂ ಪ್ರತ್ಯೇಕವಾಗಿ ನೋಡುವ ಕಣ್ಣು ಗರಡಿಯ ಗುರುವಿಗೆ ಇದ್ದಿತು. ಒಂದೇ ಶಿಳ್ಳಿಗೆ ಇನ್ನೂರು ಶರೀರಗಳನ್ನು ಒಟ್ಟಿಗೆ ಎಬ್ಬಿಸಿ ಕೂರಿಸುವ ಪದ್ಧತಿಯಲ್ಲಿ ಆ ಕಣ್ಣು ಕಳೆದುಹೋಯಿತು ಎಂಬುದಷ್ಟೇ ನನ್ನ ಮಾತಿನ ತಾತ್ಪರ್ಯ.

ಇನ್ನು ಗೆಲವಿನ ವಿಷಯ. ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಲುಮೆಟ್ಟಲಾಗಿ ಏರುವ ನಮ್ಮ ಶಾಲಾ ಕ್ರೀಡಾಕೂಟಗಳ ಬಗ್ಗೆ ನನಗೆ ಅನಾದರವಿಲ್ಲ. ಬಡಕುಟುಂಬದ ಎಷ್ಟೋ ಪ್ರತಿಭಾವಂತ ಮಕ್ಕಳು ಈ ಮೆಟ್ಟಲುಗಳನ್ನು ಹತ್ತಿಯೇ ಕ್ರೀಡಾವಸತಿನಿಲಯಗಳಿಗೂ ಮುಂದೆ ಉದ್ಯೋಗಗಳಿಗೂ ಸೇರಿದ್ದಾರೆ. ಆದರೆ ಆಗಸ್ಟ್ ಬಂತೆಂದರೆ ಶಾಲೆಯ ಸಮಸ್ತ ದೈಹಿಕ ಶಿಕ್ಷಣವೂ ಕಬಡ್ಡಿಯ ಏಳು ಮಂದಿ, ಖೋ ಖೋದ ಹನ್ನೆರಡು ಮಂದಿ, ಓಟದ ನಾಲ್ಕು ಮಂದಿ ಇವರಲ್ಲಿ ಅಡಕವಾಗಿ, ಉಳಿದವರ ಪಾಲಿಗೆ ಸುಣ್ಣದ ಗೆರೆ ಹಾಕುವುದೂ ಚಪ್ಪಾಳೆ ತಟ್ಟುವುದೂ ಮಾತ್ರ ಉಳಿಯುವುದನ್ನು ಒಪ್ಪಲಾಗದು. ಒಂದೇ ಹುಡುಗಿ ಓಟ, ಉದ್ದಜಿಗಿತ, ಥ್ರೋಬಾಲ್ ಮೂರರಲ್ಲಿಯೂ ಇರುತ್ತಾಳೆ. ಇನ್ನೂರು ಮಂದಿ ಯಾವುದರಲ್ಲಿಯೂ ಇರುವುದಿಲ್ಲ. ಈ ಇನ್ನೂರು ಮಂದಿ ಹದಿನಾರನೆಯ ವಯಸ್ಸಿಗೆ ತಮಗೆ ಆಟ ಬಾರದೆಂಬ ಒಂದು ಜ್ಞಾನವನ್ನು ಮಾತ್ರ ಸಂಪಾದಿಸಿಕೊಂಡು ಶಾಲೆಯಿಂದ ಹೊರಗೆ ಹೋಗುತ್ತಾರೆ. ನಲವತ್ತನೆಯ ವಯಸ್ಸಿನಲ್ಲಿ ವೈದ್ಯರು ಸಕ್ಕರೆಯ ಅಂಶ ಹೆಚ್ಚಿದೆ, ದಿನವೂ ನಡೆಯಿರಿ ಎಂದು ಹೇಳಿದಾಗ ಆ ಜ್ಞಾನವೇ ಅವರ ಕಾಲಿಗೆ ಅಡ್ಡಬರುತ್ತದೆ.

ಬಾಲ್ಯದ ವರ್ಷಗಳಿಗೆ ಶರೀರದ ದೃಷ್ಟಿಯಿಂದ ಇರುವ ಬೆಲೆಯನ್ನು ಸಾಮಾನ್ಯವಾಗಿ ನಾವು ಅರಿಯೆವು. ಹದಿವಯಸ್ಸಿನಲ್ಲಿ ಎತ್ತರ ಭರದಿಂದ ಏರುವ ಎರಡು ವರ್ಷಗಳ ಸುತ್ತಿನಲ್ಲಿಯೇ, ವಯಸ್ಕನ ಅಸ್ಥಿಯಲ್ಲಿರುವ ಖನಿಜದ ಸುಮಾರು ನಾಲ್ಕನೆಯ ಒಂದು ಪಾಲು ಸಂಚಯವಾಗುತ್ತದೆಂದು ಶರೀರಶಾಸ್ತ್ರಜ್ಞರು ಅಳೆದು ತಿಳಿಸಿದ್ದಾರೆ. ಆ ಕಾಲದಲ್ಲಿ ನೆಗೆತ, ಓಟಗಳ ಭಾರ ಬಿದ್ದ ಮೂಳೆ ಗಟ್ಟಿಯಾಗುತ್ತದೆ. ನಾವು ಮಕ್ಕಳನ್ನು ಬೆಂಚಿಗೆ ಕಟ್ಟಿ ಕೂರಿಸುವುದು ಸರಿಯಾಗಿ ಆ ಎರಡು ವರ್ಷಗಳಲ್ಲಿಯೇ. ಕಣ್ಣಿನ ವಿಷಯವೂ ಹಾಗೆಯೇ. ಚೀನದ ಗುವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ ನಲವತ್ತು ನಿಮಿಷದ ಹೊರಾಂಗಣದ ಅವಧಿಯೊಂದನ್ನು ಹೆಚ್ಚಿಗೆ ಸೇರಿಸಿ ಮೂರು ವರ್ಷ ನೋಡಿದರು. ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿಗೆ ಒಳಗಾದವರು ಶೇಕಡ 30ರಷ್ಟು, ಎಂದಿನಂತೆ ನಡೆದ ಶಾಲೆಗಳಲ್ಲಿ ಶೇಕಡ 40ರಷ್ಟು ಎಂದು 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಮಕ್ಕಳಿಗೆ ಮುಖ್ಯವಾಗಿ ಕೊಟ್ಟದ್ದು ಹಗಲಿನ ಬೆಳಕು. ನಮ್ಮ ಬಯಲುಸೀಮೆಯಲ್ಲಿ ಅದಕ್ಕೇನು ಕೊರತೆ? ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ಹೇಳುತ್ತದೆ. ಜಗತ್ತಿನ ಹದಿಹರೆಯದವರಲ್ಲಿ ಶೇಕಡ 81ರಷ್ಟು ಮಂದಿಗೆ ಅಷ್ಟು ದೊರೆಯುತ್ತಿಲ್ಲವೆಂದು ಅದೇ ಸಂಸ್ಥೆಯ ತಜ್ಞರು 2019ರಲ್ಲಿ ತಿಳಿಸಿದರು. ದಿನಕ್ಕೆ ಅರವತ್ತು ನಿಮಿಷದ ಮಾತಿರಲಿ, ನಮ್ಮ ಶಾಲೆಗಳು ವಾರಕ್ಕೆ ಅಷ್ಟನ್ನು ಚ್ಯುತಿಯಿಲ್ಲದೆ ಕೊಟ್ಟರೂ ಅದೊಂದು ಸುಧಾರಣೆಯೇ ಆದೀತು.

ಇದೆಲ್ಲ ನಿಜವಾದರೂ ಓದಿಗೆ ಕಾಲ ಎಲ್ಲಿಂದ ತರುವುದೆಂದು ಕೇಳುವವರಿಗೆ ಉತ್ತರವನ್ನು ಊಹೆಯಿಂದ ಕೊಡಬೇಕಾಗಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದ ತ್ರ್ವಾ-ರಿವಿಯೆರ್ ಎಂಬ ಊರಿನಲ್ಲಿ 1970ರಿಂದ 1977ರವರೆಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನವೂ ಒಂದು ಗಂಟೆಯ ದೈಹಿಕ ಶಿಕ್ಷಣವನ್ನು ಕೊಟ್ಟು, ಅದಕ್ಕಾಗಿ ಪಾಠಗಳ ಕಾಲದಲ್ಲಿ ನೂರಕ್ಕೆ ಹದಿಮೂರು ಹದಿನಾಲ್ಕರಷ್ಟನ್ನು ಕಡಿತಗೊಳಿಸಿದರು. ಪಾಠದ ಕಾಲ ಕಡಮೆಯಾದರೂ ಆ ಮಕ್ಕಳ ಅಂಕಗಳು ಕಡಮೆಯಾಗಲಿಲ್ಲ. ಮೊದಲನೆಯ ವರ್ಷ ಕಳೆದ ಮೇಲೆ ಇತರರಿಗಿಂತ ತುಸು ಮುಂದೆಯೇ ಇದ್ದುವು. ಆಡಿದರೆ ಬುದ್ಧಿ ಬೆಳೆಯುತ್ತದೆಂದು ಇದರಿಂದ ಡಂಗುರ ಹೊಡೆಯುವುದು ಬೇಡ. ಅಂಕಗಳಿಗಾಗಿ ಆಟವನ್ನು ಕಿತ್ತುಕೊಳ್ಳುವ ನಮ್ಮ ವ್ಯಾಪಾರದಲ್ಲಿ ಲಾಭವೆಂಬುದೇ ಇಲ್ಲವೆಂಬುದನ್ನು ಮಾತ್ರ ಇದು ನಿಸ್ಸಂದಿಗ್ಧವಾಗಿ ತೋರಿಸುತ್ತದೆ.

ಹಳ್ಳಿಯ ಮಕ್ಕಳಿಗೆ ದೇಹಶ್ರಮ ಸಾಲದೆ, ನೀರು ಹೊತ್ತು ದನ ಕಾಯ್ದು ಮೈಲಿ ನಡೆದು ಬರುವವರಿಗೆ ಮತ್ತೇಕೆ ವ್ಯಾಯಾಮ ಎಂಬ ಆಕ್ಷೇಪಣೆ ಇದಕ್ಕಿಂತ ಗಂಭೀರವಾದದ್ದು. ಅದರಲ್ಲಿ ಮಕ್ಕಳ ಬಗೆಗಿನ ಮರುಕವೂ ಇದೆ. ಆದರೆ ದುಡಿಮೆ ಶರೀರದ ಕೆಲವು ಅಂಗಗಳನ್ನೇ ಮತ್ತೆ ಮತ್ತೆ ಜಗ್ಗುತ್ತದೆ. ಒಂದೇ ಸೊಂಟದ ಮೇಲೆ ಕೊಡ ಹೊತ್ತು ಬೆಳೆದ ಹುಡುಗಿಯ ಬೆನ್ನು ಒಂದು ಕಡೆಗೆ ವಾಲಿರುವುದನ್ನು ಯಾರಾದರೂ ಕಾಣಬಹುದು. ದುಡಿಮೆಯಲ್ಲಿ ಆಯ್ಕೆಯಿಲ್ಲ, ದಣಿದಾಗ ನಿಲ್ಲುವ ಅಧಿಕಾರವಿಲ್ಲ, ಬಿದ್ದರೆ ನಕ್ಕು ಏಳುವ ಹಗುರವಿಲ್ಲ. ಅಂತಹ ಮಗುವಿಗೆ ಶಾಲೆಯ ಬಯಲು ಹೆಚ್ಚಿನ ಶ್ರಮವನ್ನಲ್ಲ, ತನ್ನ ಮೈಯನ್ನು ತನಗಾಗಿ ಬಳಸುವ ಸ್ವಾತಂತ್ರ್ಯವನ್ನು ಕೊಡತಕ್ಕದ್ದು. ಲಗೋರಿಯಲ್ಲಿ, ಚಿನ್ನಿದಾಂಡಿನಲ್ಲಿ, ಮರಕೋತಿಯಲ್ಲಿ ಹಿಂದೆ ಅದು ತಾನಾಗಿಯೇ ದೊರೆಯುತ್ತಿದ್ದಿತು; ಈಗ ಹಳ್ಳಿಯಲ್ಲಿಯೂ ಆ ಮರಗಳು, ಆ ಬಯಲುಗಳು, ಆ ಸಂಜೆಗಳು ವಿರಳವಾಗಿ, ಮೊಬೈಲಿನ ಪರದೆ ಅವುಗಳ ಸ್ಥಳವನ್ನಾಕ್ರಮಿಸಿದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಇದುವರೆಗೆ ಹೇಳಿದ ದೋಷಗಳೆಲ್ಲವೂ ಇಮ್ಮಡಿಯಾಗುತ್ತವೆ. ಐದನೆಯ ತರಗತಿಯವರೆಗೆ ಹುಡುಗರ ಜೊತೆ ಸಮಸಮವಾಗಿ ಓಡುತ್ತಿದ್ದ ಹುಡುಗಿ ಎಂಟನೆಯ ತರಗತಿಗೆ ಬರುವ ವೇಳೆಗೆ ಜಗಲಿಯ ಮೇಲೆ ಕುಳಿತು ನೋಡುವವಳಾಗಿರುತ್ತಾಳೆ. ಇದನ್ನು ಹೆಣ್ಣಿನ ಸಹಜ ಸ್ವಭಾವವೆಂದು ತಿಳಿಯುವುದು ಸುಲಭ, ಮತ್ತು ಅಷ್ಟೇ ತಪ್ಪು. ಅವಳ ಹಿಂಜರಿಕೆಗೆ ಪ್ರತ್ಯಕ್ಷವಾದ ಕಾರಣಗಳಿವೆ: ಸಮವಸ್ತ್ರದ ದುಪ್ಪಟ್ಟ ಓಟಕ್ಕೆ ತಕ್ಕುದಲ್ಲ, ಮುಟ್ಟಿನ ದಿನಗಳಲ್ಲಿ ನೀರಿಲ್ಲದ ಶೌಚಾಲಯವಿರುವ ಶಾಲೆಯಲ್ಲಿ ಯಾವ ಹುಡುಗಿಯೂ ಬಯಲಿಗೆ ಬಾರಳು, ಆವರಣದ ಗೋಡೆಯಿಲ್ಲದ ಕಡೆ ರಸ್ತೆಯಲ್ಲಿ ಹೋಗುವವರ ದೃಷ್ಟಿಯೂ ಮಾತೂ ಅವಳನ್ನು ಚುಚ್ಚುತ್ತವೆ, ಬಯಲಿನ ನಡುವಣ ಭಾಗವನ್ನು ಕ್ರಿಕೆಟ್ಟಿನ ಹುಡುಗರು ಎಂದೋ ಆಕ್ರಮಿಸಿಕೊಂಡಿದ್ದಾರೆ, ಅವಳಿಗೆ ಉಳಿದಿರುವುದು ಅಂಚು ಮಾತ್ರ. ಇವೆಲ್ಲಕ್ಕಿಂತ ಆಳದಲ್ಲಿ ಇನ್ನೊಂದು ಕಾರಣವಿದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ಹತ್ತೊಂಬತ್ತು ವರ್ಷದ ಭಾರತೀಯ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು ಮಂದಿ ರಕ್ತಹೀನತೆಯುಳ್ಳವರು. ಅಂದರೆ ಸಾಲಿನಲ್ಲಿ ನಿಂತ ಐವರು ಹುಡುಗಿಯರಲ್ಲಿ ಸುಮಾರು ಮೂವರ ರಕ್ತದಲ್ಲಿ ಪ್ರಾಣವಾಯುವನ್ನು ಹೊರತಕ್ಕ ಶಕ್ತಿಯೇ ಕುಗ್ಗಿದೆ. ಒಂದು ಸುತ್ತು ಓಡಿ ಎದೆ ಹಿಡಿದುಕೊಂಡು ಕುಳಿತ ಹುಡುಗಿಯನ್ನು ಸೋಮಾರಿಯೆಂದು ಗದರಿಸುವ ಶಾಲೆ, ರೋಗಿಯನ್ನು ರೋಗಕ್ಕಾಗಿ ಶಿಕ್ಷಿಸುತ್ತದೆ. ಆ ಏದುಸಿರನ್ನು ದಿನವೂ ಕಾಣಬಲ್ಲವರು ಇಡೀ ಶಾಲೆಯಲ್ಲಿ ಒಬ್ಬರೇ, ದೈಹಿಕ ಶಿಕ್ಷಕರು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗು ನುಂಗಿತೋ ಕಿಟಕಿಯಿಂದ ಹೊರಗೆಸೆಯಿತೋ, ಬೆಳಗ್ಗೆ ಏನಾದರೂ ತಿಂದು ಬಂದಿತೋ ಇಲ್ಲವೋ, ರಾತ್ರಿ ಎಷ್ಟು ಹೊತ್ತು ನಿದ್ರೆ ಮಾಡಿತೋ, ಇವೆಲ್ಲ ಬಯಲಿನಲ್ಲಿ ಹೊರಬೀಳುವಷ್ಟು ಸ್ಪಷ್ಟವಾಗಿ ತರಗತಿಯ ಬೆಂಚಿನ ಮೇಲೆ ಹೊರಬೀಳುವುದಿಲ್ಲ. ಆರೋಗ್ಯಕರವಾದ ಬಾಳಿನ ಪಾಠಕ್ಕೆ ಇದಕ್ಕಿಂತ ಉತ್ತಮವಾದ ಸಂದರ್ಭ ಯಾವುದು? ಓಡಿ ದಣಿದವಳಿಗೆ ಸೊಪ್ಪು, ಮೊಳಕೆಕಾಳು, ಮೊಟ್ಟೆಗಳ ಮಾತನ್ನು ಹೇಳಿದರೆ ಅದು ಅವಳ ಮೈಯೇ ಕೇಳಿದ ಪ್ರಶ್ನೆಗೆ ಉತ್ತರವಾಗುತ್ತದೆ. ಪುಸ್ತಕದಲ್ಲಿ ಸಮತೋಲನ ಆಹಾರದ ಲಕ್ಷಣವನ್ನು ಬಾಯಿಪಾಠ ಮಾಡಿಸಿದರೆ ಅದು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ.

ಆದರೆ ಆ ಶಿಕ್ಷಕರ ಸ್ಥಿತಿಯಾದರೂ ಹೇಗಿದೆ? ಗಂಟೆ ಬಾರಿಸುವುದು, ಪ್ರಾರ್ಥನೆಯ ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ವಿಚಾರಿಸುವುದು, ಸ್ವಾತಂತ್ರ್ಯೋತ್ಸವಕ್ಕೆ ಕವಾಯತು ಸಿದ್ಧಪಡಿಸುವುದು, ರಜೆಯಲ್ಲಿರುವ ಉಪಾಧ್ಯಾಯರ ತರಗತಿಯನ್ನು ಸುಮ್ಮನೆ ಕೂರಿಸುವುದು ಇವೇ ಅವರ ದಿನಚರಿ. ಅದೂ ಅವರಿರುವ ಶಾಲೆಗಳ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನವನ್ನು ವಿಧಿಸಿತಾದರೂ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಟ್ಟದ್ದು ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಮಾತ್ರ. ಮಲೆನಾಡಿನ ಕಣಿವೆಯಲ್ಲಿಯೋ ಗಡಿಯ ಹಳ್ಳಿಯಲ್ಲಿಯೋ ನಲವತ್ತು ಮಕ್ಕಳಿರುವ ಶಾಲೆ ಈ ಎಣಿಕೆಯಲ್ಲಿ ಬೀಳುವುದೇ ಇಲ್ಲ. ನೂರು ಮಂದಿ ಒಟ್ಟಾಗದೆ ಮಗುವಿಗೆ ಶರೀರವಿಲ್ಲವೆಂದು ಭಾವಿಸಿದಂತಿರುವ ಈ ನಿಯಮವನ್ನು ತಿದ್ದುವುದು ಅವಶ್ಯಕ. ಅದು ಆಗುವವರೆಗೆ ನಾಲ್ಕೈದು ಸಣ್ಣ ಶಾಲೆಗಳಿಗೆ ಒಬ್ಬ ಶಿಕ್ಷಕರು ದಿನಕ್ಕೊಂದರಂತೆ ಹೋಗಿಬರುವ ಏರ್ಪಾಟನ್ನು ಕ್ಲಸ್ಟರ್ ಮಟ್ಟದಲ್ಲಿಯೇ ಮಾಡಬಹುದು.

ಮಾಪನದ ಕ್ರಮವೂ ಬದಲಾಗಬೇಕು. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣಕ್ಕೆ ಈಗ ಪಠ್ಯಪುಸ್ತಕವಿದೆ. ಕಬಡ್ಡಿಯ ಅಂಕಣದ ಉದ್ದಗಲಗಳನ್ನು ಬರೆದು ಅಂಕ ಪಡೆಯುವ ಮಗು ಕಬಡ್ಡಿಯನ್ನು ಒಮ್ಮೆಯೂ ಆಡದಿರಬಹುದು. ಇದಕ್ಕೆ ಬದಲಾಗಿ ಜೂನ್ ತಿಂಗಳಲ್ಲಿ ಪ್ರತಿಯೊಂದು ಮಗುವೂ ನಿಲ್ಲದೆ ಎಷ್ಟು ದೂರ ಓಡಬಲ್ಲುದು, ಎಷ್ಟು ಬಾಗಬಲ್ಲುದು, ಒಂದು ಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲಬಲ್ಲುದು, ಅದರ ಎತ್ತರ ತೂಕಗಳೆಷ್ಟು ಎಂಬುದನ್ನು ಬರೆದಿಟ್ಟು, ಮಾರ್ಚಿನಲ್ಲಿ ಮತ್ತೆ ನೋಡಿ, ಆ ಮಗುವನ್ನು ಅದರೊಡನೆಯೇ ಹೋಲಿಸತಕ್ಕದ್ದು. ಪಕ್ಕದ ಮಗುವಿನ ಅಳತೆಯ ಪ್ರಸ್ತಾಪ ಅಲ್ಲಿ ಬೇಡ. ಪಟ್ಟಿಯನ್ನು ಗೋಡೆಯ ಮೇಲೆ ಅಂಟಿಸುವುದಂತೂ ಕೂಡದು, ತೂಕದ ವಿಷಯದಲ್ಲಿ ಮಕ್ಕಳು ಪರಸ್ಪರ ಎಷ್ಟು ನಿರ್ದಯರಾಗಬಲ್ಲರೆಂಬುದನ್ನು ಬಲ್ಲವರು ಇದಕ್ಕೆ ಒಪ್ಪುವರು. ಕಾಲು ಸ್ವಾಧೀನವಿಲ್ಲದ ಮಗುವಿಗೂ ಈ ದಾಖಲೆಯ ಪುಸ್ತಕದಲ್ಲಿ ಒಂದು ಪುಟವಿರಬೇಕು. ಅದರ ತೋಳಿನ ಬಲವನ್ನೂ ಉಸಿರಿನ ದೀರ್ಘತೆಯನ್ನೂ ಅಳೆಯಲು ಬರುತ್ತದೆ.

ಇಷ್ಟೆಲ್ಲ ಸುಧಾರಣೆಗಳಿಗೂ ಸರ್ಕಾರದ ಕಡೆ ನೋಡುತ್ತ ಕುಳಿತಿರಬೇಕಾಗಿಲ್ಲ. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದರಲ್ಲಿ ತಂದೆತಾಯಿಗಳೇ ಇದ್ದಾರೆ. ಅಲ್ಲಿ ಈಗ ಚರ್ಚೆಯಾಗುವುದು ಕೊಠಡಿಯ ಸೋರಿಕೆ, ಆವರಣದ ಗೇಟು, ವಾರ್ಷಿಕೋತ್ಸವದ ಶಾಮಿಯಾನ. ಕಳೆದ ತಿಂಗಳು ದೈಹಿಕ ಶಿಕ್ಷಣದ ಎಷ್ಟು ಅವಧಿಗಳು ನಿಜವಾಗಿ ನಡೆದುವು, ಅವುಗಳಲ್ಲಿ ಎಷ್ಟು ಮಂದಿ ಹುಡುಗಿಯರು ಆಡಿದರು, ಎಷ್ಟು ಮಂದಿ ಕುಳಿತಿದ್ದರು, ಕುಳಿತವರು ಏತಕ್ಕೆ ಕುಳಿತಿದ್ದರು, ಹತ್ತನೆಯ ತರಗತಿಯ ಅವಧಿಯನ್ನು ಯಾವ ವಿಷಯಕ್ಕೆ ಯಾರ ಒಪ್ಪಿಗೆಯಿಂದ ಬಿಟ್ಟುಕೊಡಲಾಯಿತು ಎಂಬ ಪ್ರಶ್ನೆಗಳನ್ನು ಒಬ್ಬ ತಾಯಿಯಾಗಲಿ ಒಬ್ಬ ತಂದೆಯಾಗಲಿ ಆ ಸಭೆಯಲ್ಲಿ ಎದ್ದು ಕೇಳಿ, ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸುವುದಕ್ಕೆ ಯಾವ ಹೊಸ ಸುತ್ತೋಲೆಯೂ ಬೇಕಾಗಿಲ್ಲ.